ತಂತಿಯಿಲ್ಲದ ಗಿಟಾರ್

ಶೆಟ್ಟಿಹಳ್ಳಿ, ತುಮಕೂರು
೧೨ ಜೂನ್ ೨೦೨೪

ಪ್ರೀತಿಯ ಬಸೂ,

ಹೇಗಿದ್ದೀಯ? ಊಟಿಯ ಚಳಿಗೆ ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿಕೊಂಡು ಓಡಾಡುತ್ತಿರುತ್ತೀಯ ಅಂತ ಅಮ್ಮ ದಿನಾ ಹೇಳುತ್ತಾಳೆ. ಹೋಟೆಲಿನವರು ಹೊಟ್ಟೆಗೆ ಏನು ಹಾಕುತ್ತಾರೆ, ಮುದ್ದೆ ಇಲ್ಲದೆ ನಿನಗೆ ನಿದ್ದೆ ಬರುತ್ತದೆಯೇ ಅಂತ ಕೇಳಲು ಹೇಳಿದ್ದಾಳೆ, ಕೇಳಿದ್ದೇನೆ. ಅವಳ ಮಂಡಿನೋವು ಹೆಚ್ಚೂ ಆಗಿಲ್ಲ, ಕಮ್ಮಿಯೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಯಾಕೆ ಹೇಳಬಾರದಿತ್ತು ಅಂತ ಕೇಳಬೇಡ. ಎರಡು ಸಾಲಿಗಿಂತ ಉದ್ದದ ಮೆಸೇಜಿಗೆ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುವವನು, ಅಕ್ಕನ ವಾಯ್ಸ್ ಮೆಸೇಜನ್ನು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುವವನು ನೀನು. ಕಾಗದವನ್ನು ಹಾಗೆ ಓಡಿಸಲು ಬರುವುದಿಲ್ಲ. ಅದಕ್ಕೇ ಹೋಟೆಲಿನ ವಿಳಾಸ ಹುಡುಕಿ ಬರೆಯುತ್ತಿದ್ದೇನೆ, ಕುಳಿತು ಓದು.

ಜನವರಿಯಲ್ಲಿ ಕುಣಿಗಲ್ಲಿನ ಛತ್ರದಲ್ಲಿ, ಇನ್ನೂ ಅರ್ಧ ಕಾರ್ಯಕ್ರಮ ಬಾಕಿ ಇರುವಾಗ, ಮದುಮಗನ ಗೆಳೆಯರು ಕೇಳಿದ ಯಾವುದೋ ಕುಣಿಯುವ ಹಾಡು ನಿನ್ನ ಘನತೆಗೆ ಕಮ್ಮಿ ಅಂತ ಎದ್ದು ನಿಂತೆಯಲ್ಲ, ಆವತ್ತು ನೀನು ಹೇಳಿದ ಮಾತು ನನಗೆ ನೆನಪಿದೆ. ‘ಇಂಥವಕ್ಕೆಲ್ಲ ಗಿಟಾರ್ ನುಡ್ಸೋಕೆ ನಾನು ಹುಟ್ಟಿಲ್ಲ ಕಣಕ್ಕ. ನಾನಿಲ್ದೆ ನಿಮ್ಮ ಆರ್ಕೆಸ್ಟ್ರಾ ಎಷ್ಟು ದಿನ ನಡೀತದೋ ನೋಡ್ತೀನಿ’ ಅಂದೆ. ಸರಿ. ನೋಡುವುದಕ್ಕೆ ಮಾತ್ರ ಇಲ್ಲಿ ಉಳಿಯಲಿಲ್ಲ. ಊಟಿಯ ಹೋಟೆಲಿನಲ್ಲಿ, ಸೂಪು ಕುಡಿಯುತ್ತಾ ಒಮ್ಮೆಯೂ ತಲೆ ಎತ್ತದ ಜನರ ಮಧ್ಯೆ ಕೂತು ನುಡಿಸುವುದು ಅದಕ್ಕಿಂತ ದೊಡ್ಡ ಕಲೆ ಅಂತ ನಿನಗೆ ಅನ್ನಿಸಿದ್ದರೆ ನನ್ನ ತಕರಾರಿಲ್ಲ. ನೀನು ನೋಡದೆ ಹೋದದ್ದನ್ನು ನಾನೇ ಬರೆದು ತಿಳಿಸುತ್ತೇನೆ.

ನೀನು ಹೋದ ಮೇಲೆ ಇನ್ನೊಬ್ಬ ಗಿಟಾರಿಸ್ಟ್‌ಗಾಗಿ ನಾನು ಹುಡುಕಲಿಲ್ಲ. ಒಬ್ಬ ದೊಡ್ಡ ಮನುಷ್ಯನನ್ನು ಸಾಕಿ ಸಾಕಾಗಿತ್ತು. ಕಂಪ್ಯೂಟರಿಗೆ ಹಾಕುವ ಗಿಟಾರ್ ತಂದೆ. ಅದನ್ನು ಪ್ಲಗಿನ್ ಅನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ನಾವು ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಅದರೊಳಗೆ ಇದು ಕೂತಿರುತ್ತದೆ. ನಾನು ನನ್ನ ಕೀಬೋರ್ಡಿನ ಕೀ ಒತ್ತಿದರೆ ಸ್ಪೀಕರಿನಲ್ಲಿ ಗಿಟಾರ್ ಕೇಳಿಸುತ್ತದೆ. ಹೇಳುವುದಕ್ಕೆ ಇಷ್ಟೇ. ಇಳಿಸಿಕೊಳ್ಳುವುದಕ್ಕೆ ಮನೆಯ ಇಂಟರ್ನೆಟ್ಟು ಹಗಲೆಲ್ಲ ಏದುಸಿರು ಬಿಟ್ಟಿತು. ಮುಕ್ಕಾಲು ಇಳಿಯುವಷ್ಟರಲ್ಲಿ ಕರೆಂಟ್ ಹೋಗಿ ಮೊದಲಿನಿಂದ ಶುರು ಮಾಡಿದ್ದಾಯಿತು. ಆಮೇಲೆ ಅದಕ್ಕೆ ನನ್ನ ಇಮೇಲ್ ಬೇಕು, ಪಾಸ್‌ವರ್ಡ್ ಬೇಕು, ನಾನು ಕಳ್ಳಿಯಲ್ಲ ಅಂತ ರುಜುವಾತು ಬೇಕು. ಗಿಟಾರನ್ನು ಅಂಗಡಿಯಿಂದ ಹೆಗಲ ಮೇಲೆ ಹಾಕಿಕೊಂಡು ಬಂದವರನ್ನು ಅದು ಯಾವತ್ತಾದರೂ ನೀನು ಯಾರು ಅಂತ ಕೇಳಿದೆಯೇ? ಕಲಿಸುವುದಕ್ಕೆ ಯೂಟ್ಯೂಬಿನಲ್ಲಿ ಒಬ್ಬ ಗಡ್ಡದವನು ಸಿಕ್ಕಿದ. ವಿಡಿಯೋದ ಅರ್ಧ ಭಾಗ ಅವನು ತನ್ನ ಕುರ್ಚಿ, ಗೋಡೆಯ ಮೇಲಿನ ಬಣ್ಣದ ಲೈಟು, ಬೆಕ್ಕು ಎಲ್ಲವನ್ನೂ ತೋರಿಸಿದ. ಗಿಟಾರಿನ ವಿಷಯಕ್ಕೆ ಬರುವಷ್ಟರಲ್ಲಿ ಅನ್ನ ಸೀದುಹೋಗಿತ್ತು.

ಮೊದಲ ಸಲ ಕೀ ಒತ್ತಿದಾಗ ಸ್ವರ ಬರಲೇ ಇಲ್ಲ. ಬೆರಳು ಎತ್ತಿದ ಮೇಲೆ ಬಂತು. ರಿಹರ್ಸಲಿಗೆ ನೀನು ಬರುತ್ತಿದ್ದ ಹಾಗೆ, ಎಲ್ಲ ಮುಗಿದ ಮೇಲೆ ಬಾಗಿಲು ತಳ್ಳಿಕೊಂಡು. ಬಫರ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಇಳಿಸಿದರೆ ತಡ ಕಡಿಮೆಯಾಗುತ್ತದೆ. ಇಳಿಸಿದೆ. ಈಗ ಸ್ವರ ಸಮಯಕ್ಕೆ ಬಂತು, ಜೊತೆಗೆ ಎಣ್ಣೆಗೆ ಸಾಸಿವೆ ಹಾಕಿದಂಥ ಚಟಪಟವೂ ಬಂತು. ಅಡಿಗೆಮನೆಯಿಂದ ಅಮ್ಮ ಇಣುಕಿ ‘ಏನೇ ಅದು, ಒಗ್ಗರಣೆ ನಾನಿನ್ನೂ ಹಾಕೇ ಇಲ್ವಲ್ಲ’ ಅಂದಳು. ಮೇಲಕ್ಕೂ ಕೆಳಕ್ಕೂ ಎಳೆದಾಡಿ, ನಡುವೆ ಒಂದು ಕಡೆ ನಿಲ್ಲಿಸಿದ ಮೇಲೆ ಸರಿಹೋಯಿತು. ಆಮೇಲೆ ನುಡಿಸುವ ವಿದ್ಯೆ. ಬಲಗೈಯಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿಯಬೇಕು. ಎಡಗಡೆಯ ತುದಿಯ ಕೀಗಳು ಸ್ವರ ಕೊಡುವುದಿಲ್ಲ, ಆಜ್ಞೆ ಕೊಡುತ್ತವೆ. ಒಂದನ್ನು ಒತ್ತಿದರೆ ತಂತಿಗಳನ್ನು ಒಟ್ಟಿಗೆ ಬಾರಿಸುತ್ತದೆ, ಇನ್ನೊಂದಕ್ಕೆ ಬಿಡಿಬಿಡಿಯಾಗಿ ಮೀಟುತ್ತದೆ, ಮತ್ತೊಂದಕ್ಕೆ ಅಂಗೈ ಒತ್ತಿ ಹಿಡಿದ ಹಾಗೆ ಮಂಕಾಗಿ ನುಡಿಸುತ್ತದೆ. ತಂತಿಯ ಮೇಲೆ ಬೆರಳು ಜಾರುವ ಕಿರ್ ಸದ್ದಿಗೂ ಒಂದು ತಿರುಗುಗುಂಡಿ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಹ್ಯೂಮನೈಸ್’ ಅನ್ನುವ ಗುಂಡಿ. ಯಂತ್ರ ತೀರ ಸರಿಯಾಗಿ ನುಡಿಸಿದರೆ ಜನ ನಂಬುವುದಿಲ್ಲವಂತೆ. ಇದನ್ನು ಸ್ವಲ್ಪ ತಿರುಗಿಸಿದರೆ ತಾಳ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಪೂರ್ತಿ ತಿರುಗಿಸಿದರೆ ಥೇಟ್ ನೀನು. ಆದರೆ ಇದು ಮುನಿಸಿಕೊಳ್ಳುವುದಿಲ್ಲ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವುದಿಲ್ಲ.

ಶಿವರಾತ್ರಿ ಮುಗಿಯುವ ಹೊತ್ತಿಗೆ ಕೈ ಪಳಗಿತು. ಸ್ಟೇಜಿನ ಮೇಲೆ ನಾನು, ಪ್ಯಾಡ್ ಬಾರಿಸುವ ಯಲ್ಲಯ್ಯ, ಇಬ್ಬರು ಹಾಡುವವರು, ಒಂದು ಲ್ಯಾಪ್‌ಟಾಪ್. ಗಿಟಾರ್ ಎಲ್ಲಿ ಅಂತ ಒಬ್ಬನೇ ಒಬ್ಬ ಕೇಳಲಿಲ್ಲ. ನಿನ್ನ ಕುರ್ಚಿ ಖಾಲಿ ಇದ್ದದ್ದು ಯಾರಿಗೂ ಕಾಣಿಸಲಿಲ್ಲ. ಅದರ ಮೇಲೆ ಯಲ್ಲಯ್ಯ ತನ್ನ ಚೀಲ ಇಟ್ಟುಕೊಳ್ಳುತ್ತಿದ್ದ. ನಿನಗೆ ಖುಷಿಯಾಗುವ ಸಮಾಚಾರವಲ್ಲ, ಗೊತ್ತು. ನನಗೂ ಅಷ್ಟೇನೂ ಖುಷಿಯಾಗಲಿಲ್ಲ. ಇಷ್ಟು ವರ್ಷ ನಾವು ಯಾರಿಗಾಗಿ ಶ್ರುತಿ ಮಾಡಿಕೊಂಡು ಕೂತಿದ್ದೆವು ಅಂತ ಆ ಜನರನ್ನು ನೋಡಿ ಅನ್ನಿಸುತ್ತಿತ್ತು.

ಏಪ್ರಿಲಿನಲ್ಲಿ ಸಿದ್ದಾರ್ಥ ಬಂದ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಕದರಯ್ಯನವರ ಮಗ. ಕೂದಲಿಗೆ ಅಷ್ಟೊಂದು ಎಣ್ಣೆ ಹಚ್ಚಿಕೊಂಡು ಮೇಲಿಂದ ತಂಪು ಕನ್ನಡಕ ಹಾಕಿಕೊಂಡಿದ್ದ. ಕೈಯಲ್ಲಿ ಥಳಥಳ ಅನ್ನುವ ಕೆಂಪು ಗಿಟಾರ್. ನುಡಿಸಲು ಬರುತ್ತದೆಯೇ ಅಂದರೆ ‘ಅದೇ ಅಕ್ಕ ಪ್ರಾಬ್ಲಂ. ಹಿಡ್ಕೊಳ್ಳೋಕೆ ಬರ್ತದೆ’ ಅಂದ. ಅವನು ಗಿಟಾರ್ ಹಿಡಿದು ಕೂರುವುದು, ಕ್ಯಾಮೆರಾದ ಹಿಂದೆ ನಾನು ಕೀಬೋರ್ಡಿನಲ್ಲಿ ನುಡಿಸುವುದು, ಸದ್ದು ಅವನ ಕೈಯಿಂದ ಬಂದ ಹಾಗೆ ವಿಡಿಯೋ ಮಾಡಿಕೊಡುವುದು. ಸ್ಟೇಟಸ್‌ಗೆ ಹಾಕಿಕೊಳ್ಳುತ್ತೇನೆ ಅಂದ. ಊರೆಲ್ಲ ಇಂಥವೇ ಹಾಕಿಕೊಳ್ಳುವಾಗ ಇವನದೊಂದು ಹೆಚ್ಚಾಯಿತೇ ಅಂತ ಮಾಡಿಕೊಟ್ಟೆ. ನಾಲ್ಕಾರು ವಿಡಿಯೋ ಆದವು. ಒಂದರಲ್ಲಿ ನಾನೇ ಕಟ್ಟಿದ ಒಂದು ನಿಧಾನದ ಪೀಸ್ ಇತ್ತು, ಬಿಡಿಬಿಡಿಯಾಗಿ ಮೀಟುವಂಥದ್ದು. ಅದನ್ನು ‘ನುಡಿಸುವಾಗ’ ಅವನು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ್ದನ್ನು ನೋಡಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮೇ ಮೊದಲ ವಾರ ಅವನ ಮದುವೆ ಗೊತ್ತಾಗಿ, ಅದೇ ತಿಂಗಳ ನಡುವೆ ಮುಹೂರ್ತ ಇಟ್ಟರು. ಹುಡುಗಿ ಹುಲಿಯೂರುದುರ್ಗದವಳು, ಅಮೂಲ್ಯಾ ಅಂತ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿ, ಕುಣಿಗಲ್ಲಿನಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಮುಹೂರ್ತದ ಹಿಂದಿನ ಸಂಜೆ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ, ನಮ್ಮದೇ ಆರ್ಕೆಸ್ಟ್ರಾ. ಎರಡು ಹಾಡಿಗೆ ತಾನೂ ಗಿಟಾರ್ ಹಿಡಿದು ನಿಲ್ಲುತ್ತೇನೆ, ವಿಡಿಯೋದಲ್ಲಿ ಮಾಡಿದ ಹಾಗೇ ಮಾಡಿ ಅಂದ. ನಾನು ಲ್ಯಾಪ್‌ಟಾಪನ್ನು ಹೂವಿನ ಅಲಂಕಾರದ ಹಿಂದೆ ಇಟ್ಟುಕೊಂಡೆ. ಅವನ ಗಿಟಾರಿಗೆ ಸಿಕ್ಕಿಸಿದ ಕೇಬಲ್ಲಿನ ಇನ್ನೊಂದು ತುದಿ ಸ್ಟೇಜಿನ ಕಾರ್ಪೆಟ್ಟಿನ ಕೆಳಗೆ ಸುಮ್ಮನೆ ಮಲಗಿತ್ತು.

ಮೊದಲ ಹಾಡು ಚೆನ್ನಾಗಿಯೇ ಆಯಿತು. ಅವನು ಮೈ ಬಳುಕಿಸಿದ, ಗೆಳೆಯರು ಶಿಳ್ಳೆ ಹೊಡೆದರು, ತಲೆಯ ಮೇಲೆ ಡ್ರೋನು ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಕದರಯ್ಯನವರು ಮೊದಲ ಸಾಲಿನಲ್ಲಿ ಪಕ್ಕದವರ ಮೊಣಕೈ ತಿವಿದು ‘ನಮ್ಮ ಹುಡ್ಗ, ನೋಡಿ’ ಅನ್ನುತ್ತಿದ್ದರು. ಅಷ್ಟರಲ್ಲಿ ಮದುಮಗಳು ಹಾಡುವವಳ ಕೈಯಿಂದ ಮೈಕ್ ತೆಗೆದುಕೊಂಡಳು. ನಾಚಿಕೆಯಿಂದ ಅವಳ ಸ್ವರ ಸಣ್ಣಗಿತ್ತು. ‘ನನ್ನ ನೋಡೋಕೆ ಬಂದು ಹೋದ್ಮೇಲೆ ಇವರು ಒಂದು ವಿಡಿಯೋ ಕಳಿಸಿದ್ರು. ಗಿಟಾರಲ್ಲಿ ನಿಧಾನಕ್ಕೆ ಒಂದು ನುಡಿಸಿದ್ರು. ನಾನು ಈ ಮದುವೆಗೆ ಹೂಂ ಅಂದಿದ್ದೇ ಅದನ್ನ ಕೇಳಿ. ಅದೊಂದು ನುಡಿಸ್ಲಿ’ ಅಂದಳು. ಛತ್ರವೆಲ್ಲ ಹೋ ಅಂದಿತು. ಸಿದ್ದಾರ್ಥ ಹೂವಿನ ಕಡೆ ತಿರುಗಿ ನನಗೆ ಹುಬ್ಬು ಹಾರಿಸಿದ.

ಸ್ಟೇಟಸ್ ಅಂದಿದ್ದ ಅವನು. ಅದು ಹೋಗಿ ಮುಟ್ಟಿದ್ದು ಎಲ್ಲಿಗೆ ಅಂತ ನನಗೆ ಗೊತ್ತಾದದ್ದು ಆಗ, ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡಾಗ. ಬೆಳಗಾದರೆ ಮುಹೂರ್ತ. ನುಡಿಸಲು ಶುರು ಮಾಡಿದೆ. ಅವನು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಲು ಶುರು ಮಾಡಿದ. ನಾನು ಹುಡುಗಿಯನ್ನು ನೋಡಿದೆ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಎಡಗೈ ನೋಡುತ್ತಿದ್ದಳು. ಗಿಟಾರ್ ಗೊತ್ತಿಲ್ಲದವರು ಯಾರೂ ನುಡಿಸುವವರ ಎಡಗೈ ನೋಡುವುದಿಲ್ಲ ಬಸು, ಬಲಗೈಯನ್ನೇ ನೋಡುತ್ತಾರೆ. ಸ್ವರ ಮೇಲಕ್ಕೆ ಹೋದಾಗ ಅವನ ಬೆರಳು ಕೆಳಗೇ ಇದ್ದವು. ಕಾರ್ಡ್ ಬದಲಾದಾಗ ಬೆರಳು ಬದಲಾಗಲಿಲ್ಲ. ಅವಳ ಮುಖದಲ್ಲಿದ್ದ ನಗು ಅಲ್ಲೇ ಇತ್ತು, ಆದರೆ ಅದನ್ನು ಹಿಡಿದು ನಿಲ್ಲಿಸಲು ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣಿಸಿತು. ನನ್ನಿಂದ ಆಗಲಿಲ್ಲ. ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

ಗಿಟಾರ್ ನಿಂತಿತು. ಅವನ ಕೈ ಇನ್ನೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಯಲ್ಲಯ್ಯ ಬಗ್ಗಿ ‘ಕರೆಂಟ್ ಹೋಯ್ತಾ ಮೇಡಂ?’ ಅಂದ. ಕರೆಂಟ್ ಇದೆ ಯಲ್ಲಯ್ಯ ಅಂದೆ. ಸಿದ್ದಾರ್ಥ ಇನ್ನೊಂದು ಮೈಕ್ ಎತ್ತಿಕೊಂಡು ‘ಕೇಬಲ್ ಪ್ರಾಬ್ಲಂ, ಕೇಬಲ್ ಪ್ರಾಬ್ಲಂ’ ಅಂದ. ಸೌಂಡಿನವನು ಓಡಿ ಬಂದು ಕಾರ್ಪೆಟ್ ಎತ್ತಿ, ಎಲ್ಲಿಗೂ ಹೋಗದ ಆ ತುದಿಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಹುಡುಗಿ ಸೀರೆಯ ನೆರಿಗೆ ಎತ್ತಿಕೊಂಡು ನೇರ ನನ್ನ ಹತ್ತಿರ ಬಂದಳು. ಹೂವಿನ ಹಿಂದೆ ಲ್ಯಾಪ್‌ಟಾಪ್ ನೋಡಿದಳು. ‘ಅಕ್ಕ, ನುಡಿಸ್ತಿದ್ದೋರು ನೀವಾ?’ ಹೂಂ ಅಂದೆ. ‘ಆ ವಿಡಿಯೋದಲ್ಲಿ?’ ಅದೂ ನಾನೇ ಕಣಮ್ಮ ಅಂದೆ. ಅವಳು ಅವನ ಕಡೆ ತಿರುಗಿದಳು. ‘ನಿಮಗೆ ಒಂದಾದ್ರೂ ನುಡ್ಸೋಕೆ ಬರ್ತದಾ?’ ಅವನು ತಲೆಗೇರಿಸಿದ್ದ ತಂಪು ಕನ್ನಡಕ ತೆಗೆದ. ಮೈಕನ್ನು ಬೆನ್ನ ಹಿಂದೆ ಹಿಡಿದುಕೊಂಡು ‘ಇಲ್ಲ. ಒಂದೂ ಬರಲ್ಲ’ ಅಂದ. ಗಿಟಾರಿನ ವಿಷಯದಲ್ಲಿ ಆ ಹುಡುಗಿಗೆ ಅವನು ಆಡಿದ ಮೊದಲ ನೆಟ್ಟನೆಯ ಮಾತು ಅದು.

ಅವಳು ಕೈ ಚಾಚಿ ಗಿಟಾರ್ ಕೇಳಿದಳು, ಅವನು ಕೊಟ್ಟ. ಆ ಸಿಂಹಾಸನದಂಥ ಕುರ್ಚಿಯ ಅಂಚಿನಲ್ಲಿ ಕೂತು ಕಿವಿ ಹತ್ತಿರ ತಂದು ತಂತಿ ಮೀಟಿ ನೋಡಿದಳು. ಒಂದೂ ಶ್ರುತಿಯಲ್ಲಿರಲಿಲ್ಲ, ಅಂಗಡಿಯಿಂದ ತಂದ ಮೇಲೆ ಯಾರೂ ಅದನ್ನು ಮುಟ್ಟಿ ಕೇಳಿರಲೇ ಇಲ್ಲ. ಅಷ್ಟು ಗದ್ದಲದಲ್ಲಿ ಒಂದೊಂದಾಗಿ ತಿರುವಿ ಸರಿ ಮಾಡಿಕೊಂಡಳು. ಅಷ್ಟರಲ್ಲಿ ಕೆಳಗಿನ ಹಾಲಿನಲ್ಲಿ ಎಲೆ ಹಾಕಿದ್ದಾರೆ ಅಂತ ಯಾರೋ ಕೂಗಿದರು. ನಮ್ಮ ಮಹಾಜನಗಳು ಎದ್ದರು ನೋಡು. ಕುರ್ಚಿ ಉರುಳಿಸಿ, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮದುಮಗಳು ಮದುವೆಯ ಹಿಂದಿನ ಸಂಜೆ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತಿರುವುದು ದಿನವೂ ನಡೆಯುವ ಸಂಗತಿ ಅನ್ನುವ ಹಾಗೆ ಹೊರಟೇಹೋದರು. ಅವಳು ನುಡಿಸಿದಳು. ಚೆನ್ನಾಗಿ ನುಡಿಸಿದಳು ಅಂತ ಬರೆದರೆ ಸುಳ್ಳಾಗುತ್ತದೆ. ಹಾಸ್ಟೆಲಿನಲ್ಲಿ ಗೆಳತಿಯ ಗಿಟಾರಿನಲ್ಲಿ ಕಲಿತದ್ದು, ಬಿಟ್ಟು ವರ್ಷಗಳಾಗಿದ್ದವು. ಎರಡನೇ ಸಾಲಿನಲ್ಲೇ ಬೆರಳು ಜಾರಿತು, ಹಸಿರು ಬಳೆಗಳು ಮರಕ್ಕೆ ಬಡಿದು ಟಣಟಣ ಅಂದವು. ತಪ್ಪಿದ ಕಡೆ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನುಡಿಸಿದಳು. ನಾನು ಕಟ್ಟಿದ ಪೀಸೇ ಅದು. ಕೇಳಿ ಕೇಳಿ ಬಾಯಿಪಾಠವಾಗಿತ್ತು ಅವಳಿಗೆ. ಸಿದ್ದಾರ್ಥ ಅವಳ ಮುಂದೆ ನೆಲದ ಮೇಲೆ ಮಂಡಿಯೂರಿ, ಗಿಟಾರಿನ ಬಾಯಿಯ ಹತ್ತಿರ ಮೈಕ್ ಹಿಡಿದು ಕೂತ. ರೇಷ್ಮೆ ಪಂಚೆ ಮಣ್ಣಾಯಿತು, ಗೆಳೆಯರು ಊಟಕ್ಕೆ ಕರೆದರು, ಅವನು ಕದಲಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಇಳಿದು ಬರುವಾಗ ಕದರಯ್ಯನವರು ಅಡ್ಡ ಬಂದರು. ‘ಏನಮ್ಮ, ನನ್ನ ಮಗನ ಮರ್ವಾದೆ ಕಳೆದ್‌ಬುಟ್ಯಲ್ಲ’ ಅಂದರು. ಯಜಮಾನರೇ, ನಿಮ್ಮ ನೆಂಟರೆಲ್ಲ ಕೇಬಲ್ ಕೆಟ್ಟಿತು ಅಂದುಕೊಂಡು ಎಲೆ ಮುಂದೆ ಹೋಗಿ ಕೂತಿದ್ದಾರೆ, ಮರ್ಯಾದೆ ಭದ್ರವಾಗಿದೆ ಅಂದೆ. ಅವರು ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿ ತಾವೂ ಊಟದ ಹಾಲಿಗೆ ಇಳಿದರು.

ಮಾರನೆಯ ಬೆಳಿಗ್ಗೆ ನಮಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಅಮ್ಮನನ್ನು ಕರೆದುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಮದುವೆ ನಿಂತು ಮಂಟಪಕ್ಕೆ ಬೀಗ ಬಿದ್ದಿದ್ದರೆ ಆ ಮನೆಯವರ ಮುಂದೆ ಹೋಗಿ ನಿಂತು ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಅಮ್ಮ ಪಾಪ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ರಸ್ತೆಗೇ ಓಲಗ ಕೇಳಿಸಿತು. ಹುಡುಗಿ ಹಸೆಮಣೆಯ ಮೇಲಿದ್ದಳು. ಧಾರೆ ಆದ ಮೇಲೆ ಅವಳೇ ನನ್ನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಳು. ‘ನಿನ್ನೆ ನೀವು ನಿಲ್ಲಿಸದೆ ಇದ್ದಿದ್ರೆ ನಾನು ಬಾಯಿ ಮುಚ್ಕೊಂಡು ತಾಳಿ ಕಟ್ಟಿಸ್ಕೊಂಡು, ಜನ್ಮವೆಲ್ಲ ಒಳಗೊಳಗೇ ಉಗೀತಿದ್ದೆ ಅಕ್ಕ’ ಅಂದಳು. ಮತ್ತೆ ಯಾಕಮ್ಮ ಒಪ್ಪಿದೆ ಅಂದೆ. ‘ಊಟ ಬಿಟ್ಟು ಕೂತಿದ್ರಲ್ಲ. ಆಮೇಲೆ ನಮ್ಮಪ್ಪ ಅಮ್ಮನ ಮುಂದೆ, ಅವರಪ್ಪನ ಮುಂದೆ, ಸುಳ್ಳು ಹೇಳ್ದೆ ಅಂತ ಒಪ್ಕೊಂಡ್ರು. ಬೇಡ ಅಂದ್ರೆ ಈಗ್ಲೇ ಹೇಳಿ, ತಪ್ಪು ನಂದೇ ಅಂತ ನಾನೇ ಎಲ್ರಿಗೂ ಹೇಳ್ತೀನಿ ಅಂದ್ರು. ನುಡಿಸೋಕೆ ನಾನು ಕಲಿಸ್ತೀನಿ ಬಿಡಿ’ ಅಂದಳು.

ಕಲಿಸುತ್ತಲೂ ಇದ್ದಾಳೆ. ಮಂಡಿಯಲ್ಲಿ ಕೊಬ್ಬರಿ ಮೂಟೆಗಳ ಮಧ್ಯೆ ಕೂತು ಅವನು ಅಭ್ಯಾಸ ಮಾಡುತ್ತಾನಂತೆ, ಬೆರಳಿನ ಚರ್ಮ ಕಿತ್ತುಬಂದಿದೆ. ಹಮಾಲಿಗಳು ಕಿವಿಗೆ ಟವೆಲ್ ಸುತ್ತಿಕೊಂಡಿದ್ದಾರೆ. ಮೊನ್ನೆ ಅವನೇ ಒಂದು ವಿಡಿಯೋ ಕಳಿಸಿದ. ಮೂರು ಕಾರ್ಡಿನಲ್ಲಿ ಎರಡು ತಪ್ಪು. ಸ್ಟೇಟಸ್‌ಗೆ ಹಾಕಿಕೊಳ್ಳಲಿಲ್ಲವೇ ಅಂದರೆ ‘ಬೇಡಕ್ಕ, ಅವಳು ಬೈತಾಳೆ’ ಅಂದ. ಅಮೂಲ್ಯಾ ವಾರಕ್ಕೊಮ್ಮೆ ಬ್ಯಾಂಕ್ ಮುಗಿಸಿ ರಿಹರ್ಸಲಿಗೆ ಬರುತ್ತಾಳೆ. ಯಲ್ಲಯ್ಯನ ಚೀಲ ಈಗ ನೆಲದ ಮೇಲೆ. ನಿನ್ನಷ್ಟು ಕೈಚಳಕ ಅವಳಿಗಿಲ್ಲ, ಹೇಳಿಬಿಡುತ್ತೇನೆ, ಇದನ್ನು ಓದಿ ಉಬ್ಬಬೇಡ. ಕುಣಿಯುವ ಹಾಡು ಕೇಳಿದರೆ ಕುಣಿಯುವ ಹಾಡು ನುಡಿಸುತ್ತಾಳೆ. ಪ್ಲಗಿನ್ ಲ್ಯಾಪ್‌ಟಾಪಿನಲ್ಲೇ ಇದೆ. ಅವಳು ಬಾರದ ದಿನ ಬೇಕಾಗುತ್ತದೆ.

ಊಟಿಯಲ್ಲಿ ತಲೆಗೆ ಬಿಸಿನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಹೊರಗೆ ಹೋಗಬೇಡ. ಅಮ್ಮ ನಿನ್ನ ಹಣೆಗೆ ಅಂತ ವಿಭೂತಿಯನ್ನು ಚೀಟಿಯಲ್ಲಿ ಕಟ್ಟಿ ಇದರ ಜೊತೆ ಇಟ್ಟಿದ್ದಾಳೆ. ಶಿವ ನಿನಗೆ ಆಯಸ್ಸು ಕೊಡಲಿ, ಅದರ ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಸೇರಿಸಿ ಕೊಡಲಿ.

ಇಂತಿ ನಿನ್ನ ಅಕ್ಕ,
ಅನುಪಮಾ

ಮರೆತಿದ್ದೆ, ಅಂಚೆಯವರು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಕೆಂಪು ಗಿಟಾರಿನ ಕುತ್ತಿಗೆ ಬಾಗಿದೆ, ಅಮೂಲ್ಯಾಳ ಬೆರಳು ನೋಯುತ್ತದೆ. ನೀನು ಬಿಟ್ಟುಹೋದ ನಿನ್ನ ಹಳೆಯ ಗಿಟಾರ್ ಇಲ್ಲೇ ಬೀರುವಿನ ಮೇಲೆ, ಅಮ್ಮನ ಹಳೆ ಸೀರೆಯಲ್ಲಿ ಸುತ್ತಿ ಇದೆ. ಅವಳಿಗೆ ಕೊಡೋಣ ಅಂದರೆ ಅಮ್ಮ ಯಾರಿಗೂ ಮುಟ್ಟಲು ಬಿಡುತ್ತಿಲ್ಲ, ಅವನನ್ನು ಕೇಳು ಅನ್ನುತ್ತಾಳೆ. ಕೇಳಿದ್ದೇನೆ. ಕೊಡಬಹುದು ಅಂದರೆ ಒಂದು ಹೆಬ್ಬೆರಳು ಕಳಿಸು, ಸಾಕು. ಕೊಡಬೇಡ ಅನ್ನುವುದಾದರೆ ಅದನ್ನು ಫೋನಿನಲ್ಲಿ ನಾನು ಕೇಳಿಸಿಕೊಳ್ಳುವುದಿಲ್ಲ. ಮನೆಗೆ ಬಂದು, ಅಮ್ಮನ ಮುಂದೆ ನಿಂತು ಹೇಳು.